ಗೋಲಿನ ಹಿಂದಿನ ಮಣ್ಣು

ನಾನು ನೋಡಿಕೊಳ್ಳುತ್ತಿದ್ದ ಅಜ್ಜ ದಕ್ಷಿಣ ಅಮೆರಿಕದ ಒಂದು ಬಂದರಿನ ಊರಿನವರು. ಹೆಂಡತಿ ತೀರಿಕೊಂಡ ಮೇಲೆ ಇಂಜಿನಿಯರ್ ಮಗಳು ಅವರನ್ನು ಕತಾರಿಗೆ ಕರೆಸಿಕೊಂಡಿದ್ದಳು. ಅಲ್ ವಕ್ರಾದಲ್ಲಿ ಅವರ ಫ್ಲ್ಯಾಟು. ಮಗಳು ಬೆಳಿಗ್ಗೆ ಕೆಲಸಕ್ಕೆ ಹೊರಟಳೆಂದರೆ ಅಜ್ಜನ ಬಿಪಿ, ಮಾತ್ರೆ, ಊಟ, ಮುಂಗೋಪ ಎಲ್ಲವೂ ಸಂಜೆಯ ತನಕ ನನ್ನ ಪಾಲಿಗೆ. ನಾನು ಉಡುಪಿ ಕಡೆಯ ನರ್ಸ್. ಸೊಂಟನೋವು ಶುರುವಾದ ಮೇಲೆ ಆಸ್ಪತ್ರೆ ಬಿಟ್ಟು ಇಂಥ ಮನೆ ಡ್ಯೂಟಿ ಹಿಡಿದಿದ್ದೆ. ಅಜ್ಜ ಹರಕುಮುರುಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಎಲ್ಲಾದರೂ ಸಿಕ್ಕಿಬಿದ್ದರೆ ಫೋನಿಗೆ ಹೇಳಿ, ಅದರಿಂದ ನನಗೆ ಹೇಳಿಸುತ್ತಿದ್ದರು. ಮಾತೆಲ್ಲ ಒಂದೇ ವಿಷಯ, ಅವರ ಊರಿನ ಫುಟ್‌ಬಾಲ್ ಕ್ಲಬ್ಬು.

ಬಂದರಿನಲ್ಲಿ ಮೂಟೆ ಹೊರುವವರು, ಹಿಟ್ಟಿನ ಗಿರಣಿಯವರು, ಹೊಟ್ಟೆಪಾಡಿಗೆ ಕಡಲು ದಾಟಿ ಬಂದವರು ಸೇರಿ ಕಟ್ಟಿದ ಕ್ಲಬ್ಬಂತೆ ಅದು. ಅಂಗಿಗೆ ಬಟ್ಟೆ ಗತಿಯಿಲ್ಲದೆ ಗಿರಣಿಯ ಚೀಲಗಳನ್ನೇ ಕತ್ತರಿಸಿ ಹೊಲಿಸಿಕೊಂಡರಂತೆ. ಆ ಚೀಲದ ಮೇಲಿದ್ದ ನೀಲಿ ಪಟ್ಟೆ ಇವತ್ತಿಗೂ ತಂಡದ ಅಂಗಿಯ ಮೇಲೆ ಇದೆ. ಎದುರಾಳಿಗಳು ‘ಹಿಟ್ಟಿನವರು’ ಎಂದು ಗೇಲಿ ಮಾಡಿದರೆ ಇವರು, ಹೌದಪ್ಪಾ, ನಾವು ಹಿಟ್ಟಿನವರೇ, ಏನೀಗ, ಎಂದು ಆ ಹೆಸರನ್ನೇ ಇಟ್ಟುಕೊಂಡರು. ತಂಡ ಮೈದಾನಕ್ಕಿಳಿಯುವಾಗ ಜನ ಮುಷ್ಟಿಗಟ್ಟಲೆ ಹಿಟ್ಟನ್ನು ಗಾಳಿಗೆ ಎರಚುತ್ತಾರೆ. ಟಿವಿಯಲ್ಲಿ ಮೊದಲ ಸಲ ನೋಡಿದಾಗ ನನಗೆ ಮೈಯೆಲ್ಲ ಉರಿಯಿತು. ಅನ್ನದ ಬೆಲೆ ಗೊತ್ತಿಲ್ಲದ ಜನ, ಎಂದು ಅಜ್ಜನ ಎದುರಿಗೇ ಬೈದೆ. ಕ್ಲಬ್ಬಿಗೆ ಧಣಿ ಎಂದು ಯಾರೂ ಇಲ್ಲ, ಸದಸ್ಯರದ್ದೇ ಎಲ್ಲ. ಮಗು ಹುಟ್ಟಿದ ಕೂಡಲೇ ಅಪ್ಪ ಓಡಿಹೋಗಿ ಸದಸ್ಯತ್ವ ಮಾಡಿಸುತ್ತಾನೆ, ಹೆಸರಿಡುವುದು ಆಮೇಲೆ.

ಸತ್ತರೂ ಬಿಡುವುದಿಲ್ಲ. ಸದಸ್ಯರ ಬೂದಿಯನ್ನು ಅವರ ಮೈದಾನದಲ್ಲಿ, ಗೋಲಿನ ಹಿಂದೆ ಹೂಳುವ ರೂಢಿ. ಅಜ್ಜನ ಹೆಂಡತಿಯನ್ನೂ ಅಲ್ಲಿಯೇ ಇಟ್ಟದ್ದು.

“ಶಿವ ಶಿವಾ! ಜನ ತುಳಿಯುವುದಿಲ್ಲವಾ?” ಎಂದೆ.

“ತುಳಿಯಲಿ. ಅವಳಿಗೆ ಗದ್ದಲ ಇಷ್ಟ,” ಎಂದರು ಅಜ್ಜ.

ಪಕ್ಕದಲ್ಲಿ ತನಗೂ ಜಾಗ ಇದೆ, ಎಲ್ಲಿ ಸತ್ತರೂ ಅಲ್ಲಿಗೆ ಒಯ್ಯಬೇಕು ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದರು. ಅವರು ಇಲ್ಲಿ ದಿನ ದೂಡುತ್ತಿದ್ದದ್ದೇ ಆ ಒಂದು ಮಾತಿನ ಮೇಲೆ.

ಆದರೆ ತಂಡ ಒಂದೇ ಸಮನೆ ಸೋಲುತ್ತಾ ಬಂದಿತ್ತು. ಈ ಸಲ ಕೆಳಗಿನ ದರ್ಜೆಗೆ ಬಿದ್ದರೆ ಕ್ಲಬ್ಬು ನಡೆಸುವುದು ಸಾಧ್ಯವೇ ಇಲ್ಲ, ಮೈದಾನವನ್ನು ಫ್ಲ್ಯಾಟು ಕಟ್ಟುವವರಿಗೆ ಕೊಡುವುದು ಎಂದು ಸದಸ್ಯರ ಸಭೆಯಲ್ಲಿ ತೀರ್ಮಾನವಾಯಿತು. ಉಳಿದಿದ್ದದ್ದು ಒಂದು ಪಂದ್ಯ, ಅವರದೇ ಮೈದಾನದಲ್ಲಿ. ಡ್ರಾ ಆದರೂ ಸಾಕಿತ್ತು.

ಅಲ್ಲಿಯ ಆಟ ನಡೆಯುವಾಗ ನಮಗಿಲ್ಲಿ ಮಲಗುವ ಹೊತ್ತು. ಮಗಳು ಅದನ್ನು ರೆಕಾರ್ಡ್ ಮಾಡಿಡುತ್ತಿದ್ದಳು, ಅಜ್ಜ ಬೆಳಿಗ್ಗೆ ನೋಡುತ್ತಿದ್ದರು. ಅಲ್ಲಿಯವರೆಗೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಆ ಪಂದ್ಯದ ಮರುದಿನ ಬೆಳಿಗ್ಗೆ ಅಲ್ ವುಕೈರಿನ ನಮ್ಮ ಮನೆಯಲ್ಲಿ ನಾನು ಚಾ ಸೋಸುತ್ತಿದ್ದೆ. ನನ್ನ ಗಂಡ ಫೋನು ಒತ್ತುತ್ತಾ ಬಂದರು.

“ನಿನ್ನ ಅಜ್ಜನ ಟೀಮು ಖಲಾಸ್ ಮಾರಾಯ್ತಿ. ಲಾಸ್ಟಿಗೆ ಎರಡು ಗೋಲ್ ಬಿಟ್ಟುಕೊಟ್ಟಿದ್ದಾರೆ.”

“ಅಯ್ಯೋ ನಿಮ್ಮ ಬಾಯಿಗಿಷ್ಟು! ಹೇಳ್ಬೇಡಿ ಅಂತ ನಿನ್ನೆಯೇ ಹೇಳಿರ್ಲಿಲ್ವಾ?”

“ಎಂತ ಮಾಡುದು, ಬಾಯಿಗೆ ಬಂತು. ನೀನು ಏನೂ ಗೊತ್ತಿಲ್ಲದ ಹಾಗೆ ಇರು, ಆಯ್ತಲ್ಲ.”

ಆಯಿತಂತೆ! ಹೇಳುವುದು ಸುಲಭ.

ಫ್ಲ್ಯಾಟಿಗೆ ಹೋದರೆ ಮಗಳು ಬಾಗಿಲಲ್ಲೇ ಸಿಕ್ಕಿದಳು. ಕಣ್ಣು ಕೆಂಪಾಗಿತ್ತು. “ನನಗೆ ಮೀಟಿಂಗ್ ಇದೆ. ನೀವು ಜೊತೆಗಿರಿ ಸಿಸ್ಟರ್,” ಎಂದವಳೇ ಲಿಫ್ಟಿಗೆ ಓಡಿದಳು. ಅವಳ ಮೇಲೆ ನನಗೆ ಕೆಟ್ಟ ಕೋಪ ಬಂತು. ಅಪ್ಪ ಯಾರಿಗೆ, ಅವಳಿಗೋ ನನಗೋ?

ಅಜ್ಜ ಸ್ನಾನ ಮಾಡಿ, ಪಟ್ಟೆಯ ಅಂಗಿ ಹಾಕಿಕೊಂಡು ಟಿವಿಯ ಎದುರು ತಯಾರಾಗಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ವಾರ್ಡಿನಲ್ಲಿ ರಿಪೋರ್ಟು ನೋಡಿಯೂ “ಡಾಕ್ಟರ್ ಬಂದು ಹೇಳುತ್ತಾರೆ” ಎಂದು ಮುಖ ಗಟ್ಟಿ ಮಾಡಿಕೊಂಡು ಎಷ್ಟೋ ವರ್ಷ ದುಡಿದವಳು ನಾನು. ಇದು ಯಾವ ಲೆಕ್ಕ ಅಂದುಕೊಂಡೆ.

ಮೊದಲರ್ಧದಲ್ಲೇ ಹಿಟ್ಟಿನವರು ಗೋಲು ಹೊಡೆದುಬಿಟ್ಟರು. ಅಜ್ಜ ನನ್ನ ಕೈ ಹಿಡಿದು ಕೂತಲ್ಲೇ ಕುಣಿದರು. ಏನೇನೋ ಕೂಗಿದರು, ಹೆಂಡತಿಯನ್ನು ಕರೆದರು. ಒಂದು ಗಳಿಗೆ, ನನ್ನ ಗಂಡನಿಗೆ ಆ ಕಡೆಯ ತಂಡಗಳೆಲ್ಲ ಒಂದೇ, ಬೇರೆ ಯಾವುದನ್ನೋ ನೋಡಿರಬೇಕು ಎಂದು ಆಸೆಪಟ್ಟೆ. ಮಗಳ ಕೆಂಪು ಕಣ್ಣು ನೆನಪಾಗಿ ಆ ಆಸೆಯೂ ಹೋಯಿತು.

ಅರ್ಧ ಆಟಕ್ಕೆ ಬಿಪಿ ನೋಡುವುದು ನಾನೇ ಮಾಡಿದ ಕಾನೂನು. ಹೆಚ್ಚಿದ್ದರೆ ಉಳಿದರ್ಧ ನೋಡಲು ಬಿಡುತ್ತಿರಲಿಲ್ಲ, ದೊಡ್ಡ ಜಗಳವೇ ಆಗುತ್ತಿತ್ತು. ಅಜ್ಜ ಅಂಗಿಯ ತೋಳು ಮೇಲೆ ಸರಿಸಿ ಕೈ ಚಾಚಿದರು.

“ಇವತ್ತು ಬೇಡ ಬಿಡಿ. ಆರಾಮವಾಗಿ ನೋಡಿ,” ಎಂದೆ.

ಹೇಳಿದ ಮೇಲೆ ತಿಳಿಯಿತು ನಾನು ಮಾಡಿದ್ದೇನೆಂದು. ಅಜ್ಜ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಚಾಚಿದ ಕೈಯನ್ನು ನಿಧಾನಕ್ಕೆ ಹಿಂದೆ ತೆಗೆದುಕೊಂಡು ತೋಳು ಇಳಿಸಿ ಗುಂಡಿ ಹಾಕಿದರು. ಎಷ್ಟು ಗೋಲು ಎಂದು ಕೇಳಲಿಲ್ಲ.

“ಆಫ್ ಮಾಡಲಾ?” ಎಂದೆ.

“ಸೀಟಿ ಊದುವ ಮೊದಲು ನಾವು ಏಳುವುದಿಲ್ಲ,” ಎಂದರು.

ಗೊತ್ತಿದ್ದೂ ಪೂರ್ತಿ ನೋಡಿದರು. ಎದುರಾಳಿಗಳ ಮೊದಲ ಗೋಲಿಗೆ ಅಲುಗಲಿಲ್ಲ, ಎರಡನೆಯದಕ್ಕೆ ಕಣ್ಣು ಮುಚ್ಚಿಕೊಂಡರು. ನಾನು ಅತ್ತೆ. ಅವರಿಗೆ ಕಾಣಬಾರದೆಂದೇನೂ ಅನಿಸಲಿಲ್ಲ, ಸುಮ್ಮನೆ ಅತ್ತೆ.

ಸೀಟಿ ಊದಿದ ಮೇಲೂ ಜನ ಮನೆಗೆ ಹೋಗಲಿಲ್ಲ. ಬೇಲಿ ಹಾರಿ ಗೋಲಿನ ಹಿಂದೆ ಹೋಗಿ ಮೊಣಕಾಲೂರಿ ಮಣ್ಣು ಬಗೆಯತೊಡಗಿದರು. ಟೋಪಿಗೆ, ಪ್ಲಾಸ್ಟಿಕ್ ಚೀಲಕ್ಕೆ, ಮಡಿಲಿಗೆ, ಸಿಕ್ಕಿದ್ದಕ್ಕೆ ತುಂಬಿಕೊಳ್ಳುತ್ತಿದ್ದರು. ಅಪ್ಪನದ್ದೋ ಅಜ್ಜಿಯದ್ದೋ, ಅವರವರದ್ದನ್ನು ಅವರವರು. ಅಜ್ಜ ಎದ್ದು ಟಿವಿಯ ಹತ್ತಿರ ಹೋದರು. ದಪ್ಪಗಿನ ಒಬ್ಬ ಎಲ್ಲರಿಗಿಂತ ಆಚೆ, ಗೋಡೆಯ ಬಳಿ ಬಗೆಯುತ್ತಿದ್ದ. ಅಜ್ಜ ಹೆಂಡತಿಯನ್ನಿಟ್ಟ ಜಾಗವನ್ನು ಪರದೆಯ ಮೇಲೆ ಬೆರಳಿಟ್ಟು ತೋರಿಸಿ, “ಎಡಕ್ಕೆ,” ಎಂದರು. “ಇನ್ನೂ ಸ್ವಲ್ಪ ಎಡಕ್ಕೆ. ಇನ್ನೂ.”

ಆ ಮನುಷ್ಯ ಚೀಲಕ್ಕೆ ಗಂಟು ಹಾಕಿ ಎದ್ದ. ಬಲಗಡೆಗೆ ನಡೆದ. ಅಜ್ಜ ನನ್ನ ಕಡೆ ತಿರುಗಿದರು.

“ಸಿಸ್ಟರ್, ಅವನನ್ನು ಕರೆಯಿರಿ!”