ಬಚ್ಚಲುಮನೆಯ ಅರ್ಧ ಸ್ಲ್ಯಾಬ್

1991ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಗಾರೆ ಕೆಲಸ ಹಿಡಿದ ನಾನು ಈಗ ಹಿರೇಗುತ್ತಿಯಲ್ಲಿ ಮೇಸ್ತ್ರಿ. ಹೆಣ್ಣಾಳಿಗೆ ಗಂಡಾಳಿನ ಅರ್ಧ ಕೂಲಿ ಎಂಬುದು ನಾನು ಕಲಿತ ರೂಢಿ. ಕಳೆದ ವರ್ಷ ಒಂದು ಬಚ್ಚಲುಮನೆಗೆ ಸ್ಲ್ಯಾಬ್ ಹಾಕುವ ದಿನ, ಮಧ್ಯಾಹ್ನ ಗಂಜಿ ಉಂಡೊಡನೆ, ಬುಟ್ಟಿ ಹೊರುವ ನಾಗವೇಣಿ ತಲೆಯ ಸಿಂಬೆ ಕೊಡವಿ ಮನೆಗೆ ಹೊರಟಳು.

“ಎಂತ ಆತೆ?” ಎಂದೆ.

“ಅರ್ಧ ಕೂಲಿಗೆ ಅರ್ಧ ದಿನ ಆತು, ಮೇಸ್ತ್ರಿ. ಕೆರೆ ಕೆಲಸಕ್ಕೆ ಸರ್ಕಾರ ಗಂಡಸ್ರಿಗೂ ಹೆಂಗಸ್ರಿಗೂ ಒಂದೇ ಕೂಲಿ ಕೊಡ್ತದೆ. ನಿಮ್ಮ ಬಜೆಟ್ಟಲ್ಲಿ ಮಾತ್ರ ಇಲ್ವಾ?”

ಉಳಿದಿಬ್ಬರು ಹೆಂಗಸರೂ ಎದ್ದರು. ಸ್ಲ್ಯಾಬ್ ಅರ್ಧವಷ್ಟೇ ಆಗಿತ್ತು, ಕಲಸಿದ ಕಾಂಕ್ರೀಟು ಬಿಸಿಲಿಗೆ ಬಿಗಿಯುತ್ತಿತ್ತು. ನಾನೇ ಒಂದು ಬುಟ್ಟಿ ಹೊತ್ತೆ. ಹೆಂಗಸರ ಬುಟ್ಟಿಯೆಂದು ಅದೇನೂ ಹಗುರವಿರಲಿಲ್ಲ. “ಪೂರ್ತಿ ಕೂಲಿ, ಬನ್ನಿ” ಎಂದು ಕೂಗಿದೆ.

ಮೂವರೂ ತಿರುಗಿ ಬಂದರು; ಆ ಸ್ಲ್ಯಾಬ್ ಇವತ್ತಿಗೂ ಸೋರಿಲ್ಲ. ಈಗ ನನ್ನ ಬಳಿ ಇಬ್ಬರು ಗಂಡಾಳು, ಮೂವರು ಹೆಣ್ಣಾಳು, ಎಲ್ಲರಿಗೂ ಒಂದೇ ಕೂಲಿ.