ದಿನಕ್ಕೊಂದು ದಾರಿ

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಬಣ್ಣದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದು, ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ಆಮೇಲೆ ಅವಳು ಬಟ್ಟೆ ಕೊಡಲು ಹೋದ ಮನೆಗಳಲ್ಲೆಲ್ಲ ಅದೇ ಕೆಮ್ಮು ಯಾರಿಗಿದೆ ಎಂದು ಕೇಳಿ ಬರೆದುಕೊಳ್ಳತೊಡಗಿದಳು. ಎಪ್ಪತ್ತಮೂರು ಹೆಸರಾದಾಗ ವಕೀಲರೊಬ್ಬರು ಕಾರ್ಖಾನೆಯ ಮೇಲೆ ಕೇಸು ಹಾಕಿದರು. ಅಂದಿನಿಂದ ಅವಳ ಇಸ್ತ್ರಿ ಅಂಗಡಿಯೆದುರು ಒಂದು ಬೈಕು ಬಂದು ನಿಲ್ಲತೊಡಗಿತು.

ವಕೀಲರೇ ಅವಳನ್ನು, ಬೆದರಿಕೆ ಇರುವವರಿಗೆಂದು ನಡೆಸುವ ಎರಡು ದಿನದ ಸುರಕ್ಷತಾ ತರಬೇತಿಗೆ ಕಳಿಸಿದರು. ಹೇಳಿಕೊಡಲು ದೂರದ ದೊಡ್ಡ ಊರಿನಿಂದ ಬಂದಿದ್ದ ಮೇಡಂ ಒಳ್ಳೆಯವರೇ.

"ಒಂದೇ ದಾರೀಲಿ ಎರಡು ದಿನ ಹೋಗಬೇಡಿ. ಎಲ್ಲಿಗೆ ಹೋಗ್ತೀರಿ ಅಂತ ಯಾರಿಗೂ ಹೇಳಬೇಡಿ."

"ನಮ್ಮ ಕಡೆ ಇರೋದೇ ದೊಡ್ಡ ಬೀದಿ ಮೇಡಂ. ಅದು ಬಿಟ್ರೆ ಕಾರ್ಖಾನೆ ಗೋಡೆ ಹಿಂದಿನ ದಾರಿ."

"ಮತ್ತೆ, ಎರಡಾಯ್ತಲ್ಲ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಓದಿದವರಿಗೆ ತನಗಿಂತ ಹೆಚ್ಚು ಗೊತ್ತಿರಬೇಕು ಎಂದುಕೊಂಡಳು.

ಊರಿಗೆ ಮರಳಿದ ಮಾರನೇ ದಿನ ಮಧ್ಯಾಹ್ನ, ಎಲ್ಲಿಗೆಂದು ಅತ್ತೆ ಕೇಳಿದರೂ ಬಾಯಿ ಬಿಡದೆ, ಬಟ್ಟೆಗಂಟು ಹೊತ್ತು ಗೋಡೆಯ ಹಿಂದಿನ ದಾರಿ ಹಿಡಿದಳು. ಒಂದು ಬದಿ ಎರಡಾಳೆತ್ತರದ ಗೋಡೆ, ಇನ್ನೊಂದು ಬದಿ ನೀಲಿ ನೀರಿನ ಚರಂಡಿ. ನರಪಿಳ್ಳೆಯಿಲ್ಲ. ಹಿಂದಿನಿಂದ ಅದೇ ಬೈಕಿನ ಸದ್ದು ಕೇಳಿದಾಗ ಗೋಡೆಗೆ ಒತ್ತಿ ನಿಂತಳು.

ಬೈಕಿನವನು ಇಳಿಯಲೂ ಇಲ್ಲ. "ಏನಕ್ಕಾ, ಇವತ್ತು ಈ ಕಡೆ?" ಎಂದ. "ಮಗಳು ಐದನೇ ಕ್ಲಾಸು, ಬಿ ಸೆಕ್ಷನ್ ಅಲ್ವಾ? ಕಿಟಕಿ ಪಕ್ಕ ಕೂರ್ತಾಳೆ."

ಅಷ್ಟೇ ಹೇಳಿ ಹೊರಟುಹೋದ. ಅವಳು ಗಂಟನ್ನು ಅಲ್ಲೇ ಬಿಟ್ಟು ಶಾಲೆಗೆ ಓಡಿದಳು. ಮಗಳು ಕಿಟಕಿಯ ಪಕ್ಕದಲ್ಲೇ ಕುಳಿತು ಲೆಕ್ಕ ಮಾಡುತ್ತಿದ್ದಳು. ರಟ್ಟೆ ಹಿಡಿದು ಮನೆಗೆ ಎಳೆತಂದು, ಬಾಗಿಲು ಹಾಕಿ, ಮೇಡಂಗೆ ಫೋನು ಮಾಡಿದಳು.

"ಮೊದಲು ಪೊಲೀಸ್ ಸ್ಟೇಷನ್‌ಗೆ ಹೋಗಿ ದೂರು ಕೊಡಿ."

"ಅವನು ಸ್ಟೇಷನ್ನಿನವನೇ ಮೇಡಂ. ಅವನ ಯೂನಿಫಾರಂಗೆ ನಾನೇ ಇಸ್ತ್ರಿ ಹಾಕೋದು."

"ಸ್ವಲ್ಪ ದಿನ ಊರು ಬಿಡೋಕಾಗುತ್ತಾ?" ಎಂದರು ಮೇಡಂ. ಅವಳು ಫೋನಿಟ್ಟಳು.

ಅತ್ತೆ ಎಲ್ಲ ಕೇಳಿ ಕೆಂಡವಾದರು. "ಯಾರಿಗೂ ಹೇಳದೆ ಹೋದೋಳನ್ನ ಯಾರೇ ಹುಡುಕ್ತಾರೆ? ದೊಡ್ಡ ಬೀದೀಲಿ ಹೋಗಿದ್ರೆ ಹತ್ತು ಜನ ನೋಡಿರೋರು!" ಹಾಗೆಂದವರೇ ಸೆರಗು ಸಿಕ್ಕಿಸಿಕೊಂಡು, ಪಟ್ಟಿಯಲ್ಲಿದ್ದ ಮನೆಗಳಿಗೆಲ್ಲ ಹೋಗಿ ನಡೆದದ್ದನ್ನು ಹೇಳಿಬಂದರು. ಮರುದಿನದಿಂದ ಮಗಳ ಜೊತೆ ದಿನವೂ ಇಬ್ಬರು ಹೆಂಗಸರು ಶಾಲೆಯ ತನಕ ನಡೆದರು. ಬೈಕು ಬರುವುದು ನಿಲ್ಲಲಿಲ್ಲ. ಆದರೆ ಅವನು ಮತ್ತೆ ಹತ್ತಿರ ಬಂದು ಮಾತಾಡಲಿಲ್ಲ.

ಭಯ ಮಾತ್ರ ಹೋಗಲಿಲ್ಲ. ಸಾಕ್ಷಿ ಹೇಳುವ ದಿನ ಕೋರ್ಟಿನ ಕಟಕಟೆ ಹತ್ತಿದಳು. ಹೆಸರುಗಳನ್ನೆಲ್ಲ ಓದಿ ಮುಗಿಸಿ, ಹೊರಗೆ ಬಂದು ವಾಂತಿ ಮಾಡಿಕೊಂಡಳು.

ಅತ್ತೆ ಬೆನ್ನು ನೀವುತ್ತ, "ಬಾಯಿ ತೊಳ್ಕೋ, ನಡಿ. ಸ್ಕೂಲು ಬಿಡೋ ಹೊತ್ತಾಯ್ತು," ಎಂದರು.