ಗಂಗಾಳ ಮೊಣಕೈ

ಗಂಗಾ, ನಿನ್ನ ಬಲಗೈ ಸರಿಯಾಗಿ ಮಡಚದಿರುವುದಕ್ಕೆ ಕಾರಣ ನಾನು. ಲಾಕ್‌ಡೌನಿನ ಆ ಮಧ್ಯಾಹ್ನ ಆಸ್ಪತ್ರೆ ಮುಚ್ಚಿದೆ ಎಂದು ನಾನು ಹೇಳಿದ್ದು ಸುಳ್ಳು. ಮುಚ್ಚಿರಲಿಲ್ಲ. ಐದು ವರ್ಷ ಇದನ್ನು ನುಂಗಿಕೊಂಡು ನಿನ್ನೆದುರು ಓಡಾಡಿದ್ದೇನೆ.

ನಿನಗಾಗ ಎಂಟು ವರ್ಷ. ಶಾಲೆ ಇಲ್ಲ, ಬೀದಿಗೆ ಬಿಡುವುದಿಲ್ಲ, ಮನೆಯೊಳಗೆ ಸುಮ್ಮನೆ ಕೂರುವ ಕೂಸೂ ನೀನಲ್ಲ — ಮಾಳಿಗೆಗೆ ಹಾಕಿದ್ದ ಏಣಿಯಿಂದ ಜಾರಿ ಬಿದ್ದು ಮೊಣಕೈ ಮುರಿದುಕೊಂಡೆ. ಬೇರೆಯವರಾಗಿದ್ದರೆ ಮೊದಲು ಆಟೋ ಹುಡುಕುತ್ತಿದ್ದರು. ನಮ್ಮವರ ಪದ್ಧತಿ ಗೊತ್ತಲ್ಲ? ನಾನು ರಾಯದುರ್ಗದಲ್ಲಿ ನರ್ಸ್ ಆದಾಗಿನಿಂದ ಬೊಮ್ಮನಹಾಳ್ ಕಡೆಯ ನೆಂಟರು ಯಾರೂ ನನ್ನನ್ನು ಕೇಳದೆ ಆಸ್ಪತ್ರೆಗೆ ಹೊರಟವರಲ್ಲ. ತಲೆನೋವಾದರೂ ಮೊದಲು ನರ್ಸಮ್ಮನಿಗೆ ಫೋನು. ಅದು ನನಗೆ ಹೆಮ್ಮೆಯೂ ಆಗಿತ್ತು, ಇಲ್ಲವೆನ್ನಲಾರೆ. ನಿನ್ನ ಅವ್ವನೂ ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನಗೇ ಫೋನ್ ಮಾಡಿದಳು.

ಆಗ ನಾನು ಎಮರ್ಜೆನ್ಸಿಯಲ್ಲೇ ಕೂತಿದ್ದೆ. ಮೂಗಿನಲ್ಲಿ ಕಡಲೆ ಸಿಕ್ಕಿಸಿಕೊಂಡವರು, ಬಿಸಿನೀರು ಚೆಲ್ಲಿಕೊಂಡವರು, ಜ್ವರದಲ್ಲಿ ಕಣ್ಣು ಮೇಲೆ ಮಾಡಿದವರು — ಮಕ್ಕಳ ಅಳುವಿಗೆ ನಮಗೆ ಚಹಾ ಕುಡಿಯಲೂ ಪುರುಸೊತ್ತು ಸಿಗದ ಜಾಗ ಅದು. ಆ ದಿನಗಳಲ್ಲಿ ಒಂದು ಮಗುವೂ ಇರಲಿಲ್ಲ. ಮಕ್ಕಳು ಬೀಳುವುದನ್ನೇ ಬಿಟ್ಟುಬಿಟ್ಟಿದ್ದರೇನು? ಕೊರೊನಾ ಅಂಟೀತು, ಬೀದಿಗೆ ಅಡ್ಡ ಗಳ ಕಟ್ಟಿ ಸೀಲ್ ಮಾಡಿಯಾರು ಎಂದು ಹೆದರಿ ಯಾರೂ ಕರೆತರುತ್ತಿರಲಿಲ್ಲ, ಅಷ್ಟೆ. ಡಾಕ್ಟರ್ ಇದ್ದರು. ಎಕ್ಸ್‌ರೇ ತೆಗೆಯುವವರಿದ್ದರು. ಮುರಿದ ಕೈ ನೋಡಿದರೆ ದಾರಿಯಲ್ಲಿ ಪೊಲೀಸರೂ ಬಿಡುತ್ತಿದ್ದರು. ಎಲ್ಲ ಗೊತ್ತಿದ್ದೂ ಹೇಳಿದೆ:

"ಬರಬ್ಯಾಡ ಅಕ್ಕ, ಇಲ್ಲಿ ಬಂದ್ ಮಾಡ್ಯಾರ. ಅಲ್ಲೇ ಯಾರ ಕಡೆಯಿಂದಾದ್ರೂ ಕಟ್ಟು ಹಾಕಿಸಿಬಿಡು."

ಯಾಕೆ? ನಿನಗೆ ಸೋಂಕು ತಗಲದಿರಲಿ ಎಂದು — ಬಹಳ ದಿನ ನನಗೆ ನಾನೇ ಹಾಗೆ ಹೇಳಿಕೊಂಡೆ. ನಿಜ ಬೇರೆ ಇದೆ. ನರ್ಸ್ ಎಂಬ ಕಾರಣಕ್ಕೆ ಮನೆ ಮಾಲೀಕರು ಆಗಲೇ ಮುಖ ತಿರುಗಿಸಿದ್ದರು. ಊರಿಂದ ಯಾರಾದರೂ ಬಂದರೆ ಅವತ್ತೇ ಮನೆ ಖಾಲಿ ಮಾಡಬೇಕು ಎಂದಿದ್ದರು. ನೀವು ಬಂದರೆ ನಮ್ಮ ಮನೆಗೇ ಬರುತ್ತೀರಿ, ಬೇಡ ಎನ್ನುವ ಬಾಯಿ ನನಗಿಲ್ಲ. ನನ್ನ ಮಡಿಲಲ್ಲಿ ಎಂಟು ತಿಂಗಳ ಕೂಸು ಬೇರೆ... ನಿನ್ನ ಕೈಗಿಂತ ನನಗೆ ನನ್ನ ಬಾಡಿಗೆ ಮನೆ ದೊಡ್ಡದಾಯಿತು, ಗಂಗಾ.

ಅಕ್ಕ ನನ್ನ ಮಾತು ನಂಬಿ ಫೋನ್ ಇಟ್ಟಳು. ನಾಟಿ ವೈದ್ಯ ತಾತನ ಹತ್ತಿರ ಕರೆದೊಯ್ದು ಮೊಟ್ಟೆ, ಉದ್ದಿನಹಿಟ್ಟು ಮೆತ್ತಿ ಬಿದಿರಿನ ದಬ್ಬೆ ಕಟ್ಟಿಸಿದಳು. ದಾರಿಗಳು ತೆರೆದ ಮೇಲೆ ನಿನ್ನನ್ನು ಕರೆದುಕೊಂಡು ಬಂದಾಗ ಎಲುಬು ವಾರೆಯಾಗಿ ಕೂಡಿಕೊಂಡಿತ್ತು. ಬಿದ್ದ ದಿನವೇ ತರಬಾರದಿತ್ತೇನಮ್ಮಾ, ನಾವು ಇಲ್ಲೇ ಇದ್ದೆವಲ್ಲ ಎಂದು ಡಾಕ್ಟರ್ ಅವಳನ್ನು ಬೈದರು. ನಾನು ಪಕ್ಕದಲ್ಲೇ ಯೂನಿಫಾರಂ ಹಾಕಿಕೊಂಡು ನಿಂತಿದ್ದೆ. ಅವಳು ತಲೆ ತಗ್ಗಿಸಿದಳು, ನನ್ನ ಕಡೆ ನೋಡಲಿಲ್ಲ. ನಾನು — ನಾನು ಫೈಲು ಎತ್ತಿಕೊಂಡು ಹೊರಗೆ ಹೋದೆ.

ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದೆನಲ್ಲ, ಅವ್ವ ನಿನಗೆ ಜಡೆ ಹಾಕುತ್ತಿದ್ದಳು. ಹದಿಮೂರು ವರ್ಷದ ಹುಡುಗಿಗೆ ಇನ್ನೂ ಅವ್ವ ಜಡೆ ಹಾಕಬೇಕೆ ಎಂದು ನಾನು ಬುದ್ಧಿಯಿಲ್ಲದೆ ಛೇಡಿಸಿದೆ. ನೀನು ಅವಳ ಕಡೆ ತಿರುಗಿದೆ.

"ಅವತ್ತು ನೀ ದವಾಖಾನಿಗೆ ಕರ್ಕೊಂಡು ಹೋಗಿದ್ರ ನನ್ನ ಜಡಿ ನಾನಾ ಹಾಕ್ಕೋತಿದ್ದೆ."

ಅವ್ವ ರಿಬ್ಬನ್ ಗಂಟು ಹಾಕಿ, ನಿನ್ನ ತಲೆ ಸವರಿ ಎದ್ದು ಹೋದಳು.

ನಾನು ಅಡುಗೆಮನೆಗೆ ಹೋಗಿ, ಇವತ್ತು ಗಂಗಾಗೆ ಎಲ್ಲ ಹೇಳಿಬಿಡುತ್ತೇನೆ ಅಕ್ಕ ಎಂದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಆಸ್ಪತ್ರೆ ಆಗ ತೆಗೆದಿತ್ತೆಂದು ಡಾಕ್ಟರ್ ಬೈದ ದಿನವೇ ಅವಳಿಗೆ ಗೊತ್ತಾಗಿತ್ತಂತೆ.

"ಹೇಳಬ್ಯಾಡ. ನನ್ನ ಮ್ಯಾಲೆ ಎಷ್ಟು ಸಿಟ್ಟು ಬಂದ್ರೂ ಹೊತ್ತು ಮುಣುಗಿದ್ರ ಉಣ್ಣಾಕ ನನ್ನ ಹತ್ರಾನಾ ಬರ್ತಾಳ. ನಿನ್ನ ಮ್ಯಾಲೆ ಸಿಟ್ಟಾದ್ರ ನಿನ್ನ ಬಿಟ್ಟಬಿಡ್ತಾಳ. ಅಕಿಗೆ ನೀ ಅಂದ್ರ ಜೀವ."

ಐದು ವರ್ಷ, ಗಂಗಾ. ನೀನು ನನ್ನನ್ನು ಕಳೆದುಕೊಳ್ಳದಿರಲಿ ಎಂದು ನಾನು ಫೋನಿನಲ್ಲಿ ಹೇಳಿದ್ದನ್ನು ನಿನ್ನಿಂದ ಮುಚ್ಚಿಟ್ಟು, ನಿನ್ನ ಬೈಗುಳವನ್ನೆಲ್ಲ ಅವಳೇ ತಿಂದಿದ್ದಾಳೆ. ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಹೇಳಬೇಡ ಎಂದ ಅವಳ ಮಾತನ್ನು ಇವತ್ತು ಮೀರುತ್ತಿದ್ದೇನೆ, ಈ ಕಾಗದದ ವಿಷಯ ಅವಳಿಗೆ ಗೊತ್ತಿಲ್ಲ. ಕ್ಷಮಿಸು ಎಂದು ಕೇಳುವ ಧೈರ್ಯ ನನಗಿಲ್ಲ. ಇನ್ನು ಮೇಲೆ ನನ್ನನ್ನು ಚಿಕ್ಕಮ್ಮ ಎಂದು ಕರೆಯದಿದ್ದರೂ ಸರಿ, ಆ ಜಡೆಯ ಮಾತನ್ನು ಮಾತ್ರ ಅವ್ವನಿಗೆ ಇನ್ನೊಮ್ಮೆ ಅನ್ನಬೇಡ.